ಆ ಕೆಂಪು ಪಟ್ಟಿ ಮೊದಲು ಕೀಳಿಸಿ

ಮಾನ್ಯರೇ,

ಎಫ್‌ಎ-1 ಪರೀಕ್ಷೆಯ ಗಣಿತದಲ್ಲಿ ಫೇಲಾದರೆಂದು ಮಕ್ಕಳ ಹೆಸರು ಬರೆದು ನಮ್ಮೂರ ಶಾಲೆಯ ಬಾಗಿಲಿಗೆ ಅಂಟಿಸಿದ ಕೆಂಪು ಶಾಯಿಯ ಪಟ್ಟಿಯ ಸುದ್ದಿ ನಿನ್ನೆ ಓದಿ ಮೈ ಉರಿಯಿತು. ಅದನ್ನು ತೋರಿಸಲೆಂದೇ ಪಾಲಕರನ್ನು ಕರೆಸಿದ್ದಾರಂತೆ! ಮಳೆ ಹೊಳವಾದ ಒಂದೇ ಒಂದು ದಿನ, ಅಡಿಕೆಗೆ ಔಷಧಿ ಹೊಡೆಯುವುದನ್ನು ಬಿಟ್ಟು, ಆಗುಂಬೆ ಕಡೆಯಿಂದ ಬಸ್ಸಿಗೆ ಕಾದು ತೀರ್ಥಹಳ್ಳಿಗೆ ಬಂದವರಿಗೆ ಸಿಕ್ಕಿದ್ದು ಮಕ್ಕಳೆದುರೇ ಬೈಗುಳ.

ಎಫ್‌ಎ-1, ಅಂದರೆ ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನ, ಪಾಸು-ಫೇಲಿನ ಪರೀಕ್ಷೆಯೇ ಅಲ್ಲ. ಮಗು ಎಲ್ಲಿ ಎಡವುತ್ತಿದೆ ಎಂದು ಮೇಷ್ಟ್ರಿಗೆ ತಿಳಿಯಲೆಂದು ಇರುವಂಥದ್ದು. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದ ಮಗು ದಡ್ಡ ಅಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದೆ, ಅಷ್ಟೆ. ಒಂದು ಕಾಗದದ ಪಟ್ಟಿಯನ್ನು ಆರು ಸಮಭಾಗ ಮಾಡಿ ಕೈಗೆ ಕೊಡಿ. ಅರ್ಧಕ್ಕೆ 3 ಭಾಗ, ಮೂರನೇ ಒಂದಕ್ಕೆ 2, ಒಟ್ಟು 5/6. ‘ನೀನು ಬರೆದ 2/5 ಅರ್ಧಕ್ಕಿಂತಲೂ ಕಡಿಮೆ ಆಯ್ತಲ್ಲ?’ ಎಂದು ಕೇಳಿ ಸುಮ್ಮನಿರಿ. ಉತ್ತರ ಹೇಳಿಕೊಡುವ ಅವಸರ ಬೇಡ, ತಪ್ಪನ್ನು ಮಗುವೇ ಹಿಡಿಯಲಿ. ಎರಡು ದಿನ ಬಿಟ್ಟು ಅದೇ ಬಗೆಯ ಮೂರು ಲೆಕ್ಕ, ವಾರ ಕಳೆದು ಮತ್ತೆರಡು, ಪುಸ್ತಕ ನೋಡದೆ. ಮೊನ್ನೆ ಬಾರದ್ದು ಇವತ್ತು ಬಂತಲ್ಲ ಎಂಬುದರಿಂದಲೇ ಮಕ್ಕಳಿಗೆ ಧೈರ್ಯ ಬರುವುದು. ಲೆಕ್ಕವೇ ಗೊತ್ತಿಲ್ಲದ್ದು, ಗಡಿಬಿಡಿಯಲ್ಲಿ ತಪ್ಪಿದ್ದು, ಪ್ರಶ್ನೆ ಸರಿಯಾಗಿ ಓದದ್ದು, ಹೊತ್ತು ಸಾಲದ್ದು ಒಂದೇ ಅಲ್ಲ, ಒಂದೊಂದಕ್ಕೂ ಬೇರೆ ಮದ್ದು. ಬಾಗಿಲಿನ ಆ ಕೆಂಪು ಪಟ್ಟಿಯಲ್ಲಿ ಇದ್ಯಾವುದಾದರೂ ಕಾಣುತ್ತದೆಯೇ?

‘ನೀನು ಜಾಣ’ ಎಂದು ಬರೀ ಹೊಗಳುವುದೂ ಕೂಡದು. ಅಮೆರಿಕದ ಮನೋವಿಜ್ಞಾನ ಸಂಶೋಧಕರಾದ ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೇ ತರಗತಿ ಮಕ್ಕಳು ಒಮ್ಮೆ ಸೋತ ಮೇಲೆ ಮೊದಲಿನಷ್ಟೇ ಸುಲಭದ ಪ್ರಶ್ನೆಗಳಲ್ಲೂ ಹಿಂದೆ ಬಿದ್ದರು. ಶ್ರಮಪಟ್ಟೆ ಎಂದು ಹೊಗಳಿಸಿಕೊಂಡವರು ಹಾಗೆ ಕುಸಿಯಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಅದನ್ನು ಓದಿದ ಅಧಿಕಾರಿ ಒಬ್ಬರಾದರೂ ಇದ್ದಾರೆಯೇ? ಬಂದರೆ ಶೇಕಡಾವಾರು ಫಲಿತಾಂಶ ಕೇಳಿ ಹೋಗುತ್ತಾರೆ. ಗಣಿತಕ್ಕೆ ಮೇಷ್ಟ್ರಿಲ್ಲದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಮಳೆ ರಜೆ ಘೋಷಿಸುವುದು ಮಕ್ಕಳು ಕಾಲುಸಂಕ ದಾಟಿ ಬಸ್ ಹತ್ತಿದ ಮೇಲೆ. ಪ್ರತಿ ವರ್ಷ ಇದೇ ಹಾಡು.

ಪಟ್ಟಿ ಇವತ್ತೇ ಕೀಳಿಸಿ. ಉತ್ತರಪತ್ರಿಕೆ ಮಕ್ಕಳ ಕೈಗೆ ಕೊಟ್ಟು ತಪ್ಪು ತಿದ್ದಿಸಿ. ರಜೆಯನ್ನಾದರೂ ಹಿಂದಿನ ಸಂಜೆಯೇ ಹೇಳಿ. ಇಷ್ಟೂ ಆಗದಿದ್ದರೆ ಆ ಕುರ್ಚಿಯಲ್ಲಿ ಕೂತಿರುವುದಾದರೂ ಯಾಕೆ?

– ಗಣಿತ ಶಿಕ್ಷಕಿ, ತೀರ್ಥಹಳ್ಳಿ