ಮೊದಲ ಧನ್ಯವಾದ ನನ್ನ ಓರಗಿತ್ತಿಗೆ

ಮೊನ್ನೆ ತಾಲ್ಲೂಕು ಮಟ್ಟದ ಖೋ-ಖೋದಲ್ಲಿ ಮಗಳ ಶಾಲೆಯ ತಂಡಕ್ಕೆ ಎರಡನೇ ಸ್ಥಾನ ಬಂತು. ತುಮಕೂರಿನ ಮೈದಾನದಿಂದ ಮನೆಗೆ ಬಂದವಳ ಮೊಣಕಾಲು ತರಚಿತ್ತು, ಯೂನಿಫಾರಂ ತುಂಬ ಕೆಮ್ಮಣ್ಣು. ಆ ಬಟ್ಟೆ ಒಗೆಯೋಕೆ ನನಗಿನ್ನೂ ಮನಸ್ಸು ಬಂದಿಲ್ಲ. ಅವಳಿಗೆ ಟೈಪ್ 1 ಮಧುಮೇಹ, ಅಂದರೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ದೇಹದಲ್ಲಿ ತಯಾರಾಗದ ಕಾಯಿಲೆ, ಅಂತ ಗೊತ್ತಾದ ದಿನಗಳು, ಆಸ್ಪತ್ರೆ ಓಡಾಟ ಎಲ್ಲ ಇಲ್ಲಿ ಮತ್ತೆ ಹೇಳಲ್ಲ.

ಜೇಬಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಂಡೇ ಮೈದಾನಕ್ಕಿಳಿಯುವ ಪಿ.ಟಿ. ಮೇಷ್ಟ್ರು, ಹೊತ್ತಲ್ಲದ ಹೊತ್ತಲ್ಲೂ ಫೋನ್ ಎತ್ತುವ ಡಾಕ್ಟರಮ್ಮ, ಇನ್ಸುಲಿನ್ ಚುಚ್ಚಿಕೊಳ್ಳುವವರೆಗೂ ಡಬ್ಬಿ ಬಿಚ್ಚದೆ ಕಾಯುವ ಅವಳ ಗೆಳತಿಯರು, ನಿಮಗೆಲ್ಲ ನಾನು ಋಣಿ.

ಆದರೆ ಒಂದು ರಾತ್ರಿಯ ಮಾತು ಬಿಡಿಸಿ ಹೇಳಲೇಬೇಕು. ಅವತ್ತು ಸಂಜೆ ಎರಡು ಗಂಟೆ ಹೊತ್ತು ಆಡಿ ಬಂದಿದ್ದಳು. ಮಲಗುವಾಗ ಶುಗರ್ 148. ಚೆನ್ನಾಗಿದೆ ಅಂತ ನೆಮ್ಮದಿಯಿಂದ ದೀಪ ಆರಿಸಿದೆ. ಮನೆಯವರು ವಸಂತನರಸಾಪುರದಲ್ಲಿ ನೈಟ್ ಶಿಫ್ಟ್. ಹಲ್ಲು ತೋರಿಸಿಕೊಳ್ಳೋಕೆ ಪಾವಗಡದಿಂದ ಬಂದಿದ್ದ ನನ್ನ ಓರಗಿತ್ತಿ ಮಗಳ ಪಕ್ಕ ಮಲಗಿದ್ದಳು. ಎರಡೂವರೆಗೆ ಅವಳೇ ನನ್ನ ಭುಜ ಹಿಡಿದು ಅಲ್ಲಾಡಿಸಿದ್ದು: "ಅಕ್ಕಾ, ದಿಂಬೆಲ್ಲ ಒದ್ದೆ, ಮಗು ಏನೇನೋ ಅಂತಿದೆ."

ಮೀಟರ್ 46 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ತಡಮಾಡಬಾರದು ಅಂತ ಹೇಳಿಕೊಟ್ಟಿದ್ದರು. ಕೈ ನಡುಗಿ ಪುಡಿ ಅರ್ಧ ನೆಲಕ್ಕೆ ಚೆಲ್ಲಿದೆ. ಅವಳು ಡಬ್ಬಿ ಕಸಿದುಕೊಂಡು ಮೂರು ಚಮಚ ಪುಡಿಯನ್ನು ನೀರಿಗೆ ಕಲಸಿ, ಮಗುವನ್ನು ಎದೆಗೊರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಪುಣ್ಯಕ್ಕೆ ನುಂಗುವಷ್ಟು ಎಚ್ಚರ ಇತ್ತು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕುವ ಹಾಗಿರಲಿಲ್ಲ. ಹದಿನೈದು ನಿಮಿಷಕ್ಕೆ 58. ಮತ್ತೆ ಕುಡಿಸಿದಳು. ಆಮೇಲೆ 87. ಹಾಲು, ಎರಡು ಬಿಸ್ಕತ್ತು ತಿನ್ನಿಸಿ ಮಲಗಿಸಿ, ಬೆಳಗಿನವರೆಗೂ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿದಳು. ತನ್ನ ಹಲ್ಲುನೋವಿನ ಮಾತು ಒಮ್ಮೆಯೂ ಎತ್ತಲಿಲ್ಲ.

ಬೆಳಗ್ಗೆ ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅವಳಿಗೆ ಎಚ್ಚರವಾಗದೇ ಹೋಗಿದ್ದರೆ ಅನ್ನೋದು ಇವತ್ತಿಗೂ ನನ್ನ ಹೊಟ್ಟೆ ಕಿವುಚುತ್ತೆ. ಇನ್ನು ಆಟ ಬೇಡ, ಮಗು ಬದುಕಿದ್ದರೆ ಸಾಕು ಅಂದೆ. "ಅಕ್ಕಾ, ಆಟ ಬಿಡಿಸಿದ್ರೆ ಅದು ಮಂಕಾಗೋಗುತ್ತೆ. ಡಾಕ್ಟರನ್ನ ಕೇಳಣ, ಏಳು" ಅಂತ ಹೊರಡಿಸಿದವಳೂ ಅವಳೇ.

ಆಡುವಾಗ ಇಳಿಯುವ ಶುಗರ್ ನನಗೆ ಗೊತ್ತಿತ್ತು, ಆಡಿ ಎಷ್ಟೋ ಹೊತ್ತಾದ ಮೇಲೆ ಇಳಿಯೋದು ಗೊತ್ತಿರಲಿಲ್ಲ. ದಣಿದ ಸ್ನಾಯುಗಳು ಖರ್ಚಾದ ಸಕ್ಕರೆಯನ್ನು ರಕ್ತದಿಂದ ಎಳೆದು ತುಂಬಿಕೊಳ್ಳುತ್ತಲೇ ಇರುತ್ತವಂತೆ, ಇನ್ಸುಲಿನ್ನೂ ಆಗ ಹೆಚ್ಚು ಕೆಲಸ ಮಾಡುತ್ತದಂತೆ. 24 ಗಂಟೆಯವರೆಗೂ ಹುಷಾರಾಗಿರಬೇಕು. ಆಡಿದ ದಿನದ ರಾತ್ರಿ ಡೋಸ್ ಎಷ್ಟು ಇಳಿಸಬೇಕು ಅಂತ ಡಾಕ್ಟರಮ್ಮ ಬರೆದುಕೊಟ್ಟರು. ಓಡುವ ಮುಂಚೆ ತೊಡೆಗೆ ಚುಚ್ಚಬೇಡಿ, ಬೇಗ ಹೀರಿಕೊಳ್ಳುತ್ತೆ ಅಂದರು.

ಅಮಾನಿಕೆರೆ ಏರಿ ಮೇಲೆ ಅರ್ಧ ಗಂಟೆ ನಡಿಗೆಯಿಂದ ಮತ್ತೆ ಶುರುಮಾಡಿದೆವು. ಹಲ್ಲಿನ ಕೆಲಸ ಮುಗಿದರೂ ಓರಗಿತ್ತಿ ಹತ್ತು ದಿನ ಉಳಿದು, ಮೀಟರ್ ಸೆರಗಿನಲ್ಲಿ ಸುತ್ತಿಕೊಂಡು ಜೊತೆಗೆ ನಡೆದಳು.

ಮೊನ್ನೆ ಆಟದ ನಡುವೆ ಶುಗರ್ 230! ಪೈಪೋಟಿಯ ಉದ್ವೇಗಕ್ಕೂ ಏರುತ್ತೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಗಾಬರಿಯಾಗಿ ಇನ್ಸುಲಿನ್ ಕೊಡಲಿಲ್ಲ. ಸಂಜೆಗೆ ತಾನೇ ಇಳಿಯಿತು.

ಆ ರಾತ್ರಿ ಎರಡೂವರೆಗೆ ಅಲಾರಂ ಆರಿಸುತ್ತಿದ್ದ ಹಾಗೆ ಪಾವಗಡದಿಂದ ಫೋನ್.

"ಅಕ್ಕಾ, ನೋಡಿದ್ಯಾ? ಎಷ್ಟೈತೆ?"

"118 ಕಣೆ. ಮಲಕ್ಕೊ."