ನಾಳೆ ನೌನ್ ಟೆಸ್ಟ್ ಇದೆ, ಓದಿಸಿ

ಎಲ್ರಿಗೂ ನಮಸ್ಕಾರ, ತೀರ್ಥಹಳ್ಳಿಲಿ ಮಳೆ ಜೋರಿದೆ, ಕರೆಂಟ್ ಹೋಗೋ ಮೊದ್ಲೇ ಹಾಕ್ತಿದೀನಿ, ನಾಳೆ ಟ್ಯೂಷನ್ನಲ್ಲಿ ಇಂಗ್ಲಿಷ್ ನೌನ್ (ನಾಮಪದ) ಟೆಸ್ಟು. ಪ್ರಾಪರ್, ಕಾಮನ್ ಎರಡೂ ಸುಲಭ, ತುಂಗಾ ಪ್ರಾಪರ್, ರಿವರ್ ಕಾಮನ್, ನಮ್ಮ ಅಂಕಿತನಾಮ ರೂಢನಾಮ ಇದ್ದಂಗೇ (ಗುಣ, ಕೆಲ್ಸ ನೋಡಿ ಬಂದ ಹೆಸ್ರು, ಅಂದ್ರೆ ಅನ್ವರ್ಥನಾಮ ಮಾತ್ರ ಇಂಗ್ಲಿಷಲ್ಲಿ ಹುಡುಕ್ಬೇಡಿ, ಆ ಪಂಗಡ ಅಲ್ಲಿಲ್ಲ).

ಮಕ್ಳು ಎಡವೋದು ಕೌಂಟಬಲ್ (ಎಣಿಸೋಕಾಗೋದು), ಅನ್‌ಕೌಂಟಬಲ್ಲಲ್ಲಿ (ಎಣಿಸೋಕಾಗದ್ದು). ಹೋದ್ ವಾರ ಅರ್ಧಕ್ಕರ್ಧ ಜನ ಫರ್ನಿಚರ್ಸ್ ಅಂತ ಬರ್ದಿದ್ರು, ಕುರ್ಚಿ ಎಣಿಸ್ಬಹುದಲ್ಲ ಮಿಸ್ ಅಂತ ವಾದ ಬೇರೆ! ಚೇರ್ ಎಣಿಸ್ಬಹುದು ಕಣ್ರೋ, ಫರ್ನಿಚರ್ ಆಗಲ್ಲ, ಬೇಕಿದ್ರೆ ಎ ಪೀಸ್ ಆಫ್ ಫರ್ನಿಚರ್ ಅನ್ನಿ. ಅಡ್ವೈಸ್, ಇನ್ಫರ್ಮೇಷನ್, ಲಗೇಜ್ ಇವಕ್ಕೂ ಎಸ್ ಹಚ್ಚಂಗಿಲ್ಲ.

ಕೆಲವು ಪದ ಎರಡೂ ಕಡೆ ಕಾಲಿಟ್ಟಿರ್ತವೆ. ತಲೆತುಂಬ ಇರೋ ಕೂದ್ಲು ಬರೀ ಹೇರ್, ಎಣಿಸಲ್ಲ, ಅದೇ ಸಾರಲ್ಲಿ ಸಿಕ್ರೆ ಎ ಹೇರ್! ನಾವು ಆರಿದ್ರಾ, ಪುನರ್ವಸು, ಪುಷ್ಯ ಅಂತ ಒಂದೊಂದೇ ಮಳೆ ಎಣಿಸೋ ಜನ, ಇಂಗ್ಲಿಷಲ್ಲಿ ರೈನ್ ಅನ್‌ಕೌಂಟಬಲ್, ಆದ್ರೂ ಮಳೆಗಾಲಕ್ಕೆ ದ ರೈನ್ಸ್ ಅಂತಾರೆ, ಆಗುಂಬೆಗೆ ಅದೇ ಸರಿ ಬಿಡಿ 😄

ಅಬ್‌ಸ್ಟ್ರಾಕ್ಟ್ ನೌನ್ (ಮುಟ್ಟೋಕಾಗದ ಗುಣ, ಭಾವದ ಹೆಸ್ರು) ಈ ಸಲ ಕೇಳಲ್ಲ. ಬಸ್ ಲೇಟಾದೋರಿಗೆ ಆಮೇಲೆ ಬರೆಸ್ತೀನಿ, ಛತ್ರಿ ಕೊಟ್ಟು ಕಳ್ಸಿ.