ಅಜ್ಜಿ ಎಷ್ಟು ದಿನ ಸಿಕ್ಕಿದ್ರು?

ಎಲ್ಲರಿಗೂ ನಮಸ್ಕಾರ.

ನೆದರ್ಲೆಂಡ್ಸಿನ ನಮ್ಮ ಕನ್ನಡ ಸಂಘದ ಪತ್ರಿಕೆಯ ದಸರಾ ಸಂಚಿಕೆ ಈ ಸಲ ಒಂದು ವಾರ ತಡವಾಗಿದೆ, ಕ್ಷಮಿಸಿ. ಇದನ್ನು ಬರೆಯುವಾಗ ರಾತ್ರಿ ಒಂದೂವರೆ. ಎರಡು ತಿಂಗಳ ಮಗಳು ಎದೆಯ ಮೇಲೆ ಮಲಗಿದ್ದಾಳೆ. ಕೆಳಗಿಟ್ಟರೆ ಏಳುತ್ತಾಳೆ. ಅದಕ್ಕೇ ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.

ಕಳೆದ ಭಾನುವಾರ ಕನ್ನಡ ತರಗತಿಗೆ ಅವಳನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದೆವು. ಮಕ್ಕಳೆಲ್ಲ ಸುತ್ತ ನಿಂತು ನೋಡಿದರು. ಒಬ್ಬ ಹುಡುಗ ಅವಳ ಕಾಲಿನ ಬೆರಳುಗಳನ್ನು ಕನ್ನಡದಲ್ಲೇ ಹತ್ತರವರೆಗೆ ಎಣಿಸಿದ. ಆರು ವರ್ಷದ ಒಬ್ಬ ಹುಡುಗಿ ನನ್ನ ಹೆಂಡತಿಯ ಹತ್ತಿರ ಬಂದು ಕೇಳಿದಳು: "ಆಂಟಿ, ಈ ಪಾಪುಗೆ ಅಜ್ಜಿ ಎಷ್ಟು ದಿನ ಸಿಕ್ಕಿದ್ರು?"

"ಅರವತ್ತು ದಿನ ಪುಟ್ಟಿ."

"ನಂಗೆ ಎಪ್ಪತ್ತೆರಡು," ಅಂದಳು.

ಅವಳು ಹುಟ್ಟಿದಾಗಿನ ಲೆಕ್ಕ. ಅಮ್ಮ ಹೇಳಿರಬೇಕು. ನಮ್ಮ ಮಕ್ಕಳು ಅಜ್ಜಿಯನ್ನು ದಿನದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ಆ ಮಾತು ಕೇಳಿದಾಗಿನಿಂದ ನನಗೆ ಬೇರೆ ಏನೂ ಬರೆಯೋಕೆ ಆಗಿಲ್ಲ. ದಸರಾ ಬಗ್ಗೆ ಬರೆದಿಟ್ಟಿದ್ದನ್ನು ತೆಗೆದುಹಾಕಿದೆ.

ಊರಿಂದ ಬರುವ ಅಜ್ಜಿ ಇಲ್ಲಿ ಇರಬಹುದಾದ್ದು 180 ದಿನದಲ್ಲಿ 90. ವೀಸಾದ ಈ ಲೆಕ್ಕ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬಸುರಿ ಇರುವ ಪ್ರತಿ ಮನೆಯಲ್ಲೂ ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಇಟ್ಟುಕೊಂಡು ಇದೇ ಚರ್ಚೆ. ಅಮ್ಮನನ್ನು ಮುಂಚೆ ಕರೆಸಿಕೊಂಡರೆ ಬಾಣಂತನದ ದಿನ ಕಮ್ಮಿಯಾಗುತ್ತೆ. ತಡವಾಗಿ ಕರೆಸಿದರೆ, ಮಗು ಬೇಗ ಬಂದುಬಿಟ್ಟರೆ? ನಮಗೆ ಜುಲೈ 11ರ ತಾರೀಕು ಕೊಟ್ಟಿದ್ದರು. ಅತ್ತೆ ಧಾರವಾಡದಿಂದ ಜೂನ್ 20ಕ್ಕೆ ಬಂದರು. ಮೂರು ವಾರ ಮುಂಚೆ ಸಾಕು ಅಂದುಕೊಂಡಿದ್ದೆವು. ಮಗಳು ಬಂದಿದ್ದು ಜುಲೈ 20ಕ್ಕೆ.

ಅಂದರೆ ಮೂವತ್ತು ದಿನ ಕಾದೆವು. ಈಗ ನೆನೆಸಿಕೊಂಡರೆ ಆ ಮೂವತ್ತು ದಿನ ನಮ್ಮ ಮನೆಯ ಬಹಳ ಒಳ್ಳೆಯ ದಿನಗಳು.

ಅತ್ತೆಯ ಎರಡು ಸೂಟ್‌ಕೇಸಿನಲ್ಲಿ ಅವರ ಬಟ್ಟೆ ನಾಲ್ಕೇ ನಾಲ್ಕು ಸೀರೆ. ಉಳಿದಿದ್ದೆಲ್ಲ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬಜೆ, ಹಸಿರು ಬಳೆ, ಒಂದು ಕೌದಿ. ಹಾಲಿನ ಪದಾರ್ಥ ಯುರೋಪಿಗೆ ತರುವಂತಿಲ್ಲ ಅಂತ ನಾನು ಮೊದಲೇ ಹೇಳಿದ್ದರಿಂದ ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಆ ಬೇಜಾರು ಒಂದು ವಾರ ಹೋಗಲಿಲ್ಲ. ಆಮೇಲೆ ಇಲ್ಲಿನ ಬೆಣ್ಣೆ ತಂದು, ನಾಲ್ಕು ಕಾಳು ಮೆಂತ್ಯ ಹಾಕಿ ಕಾಯಿಸಿದರು. ಆ ವಾಸನೆ ಪರದೆಗೆಲ್ಲ ಹಿಡಿಯಿತು. ಬಿಸಿ ತುಪ್ಪಕ್ಕೆ ಅಂಟಿನ ಹರಳು ಬಿದ್ದ ಕೂಡಲೇ ಚಟಚಟ ಅಂದು ಅರಳಿ ಬೆಳ್ಳಗೆ ಹಗುರಾಗೋದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಅವತ್ತೇ. ಒಳಗೆ ಗಟ್ಟಿ ಉಳಿದರೆ ಬಾಣಂತಿಯ ಹಲ್ಲಿಗೆ ಸಿಗುತ್ತೆ ಅಂತ ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡುತ್ತಿದ್ದರು.

ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತಕ್ಕೆ. ದೀಪ ಹಚ್ಚುವ ಹೊತ್ತು ಯಾವುದು ಅಂತ ಅತ್ತೆಗೆ ದೊಡ್ಡ ಪ್ರಶ್ನೆಯಾಯಿತು. ಎರಡು ದಿನ ಏಳಕ್ಕೆ ಹಚ್ಚಿದರು. ಇಷ್ಟು ಬಿಸಿಲಲ್ಲಿ ಹಚ್ಚೋಕೆ ಮನಸ್ಸು ಒಪ್ಪಲಿಲ್ಲ. ಮೂರನೇ ದಿನದಿಂದ ಊಟ ಮುಗಿಸಿ, ನಾವು ಮೂವರೂ ಡೊಮೆಲ್ ಹೊಳೆ ದಂಡೆಯಲ್ಲಿ ನಿಧಾನಕ್ಕೆ ನಡೆದು ಬಂದು, ಹತ್ತು ಗಂಟೆಗೆ ದೀಪ ಹಚ್ಚುವುದು ರೂಢಿಯಾಯಿತು. ಹೆಂಡತಿ ನಡುವೆ ನಿಲ್ಲುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. ಅತ್ತೆ ಅವಳ ಸೊಂಟ ನೀವುತ್ತಿದ್ದರು. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ.

ಜುಲೈ 11 ದಾಟಿತು. 15 ದಾಟಿತು. ನನ್ನ ತಲೆಯಲ್ಲಿ ಎರಡು ಲೆಕ್ಕ ಓಡುತ್ತಿದ್ದವು: ಮಗುವಿನದೊಂದು, ವೀಸಾದ್ದೊಂದು. ಒಂದು ರಾತ್ರಿ ಬಾಯಿಬಿಟ್ಟು ಹೇಳಿಯೇಬಿಟ್ಟೆ, "ಅತ್ತೆ, ನಿಮ್ಮ ದಿನ ಸುಮ್ನೆ ಹೋಗ್ತಾ ಇದೆ." ಅವರು ಕೊಬ್ಬರಿ ತುರಿಯೋದು ನಿಲ್ಲಿಸಲಿಲ್ಲ. "ಕೂಸು ಅದರ ಹೊತ್ತಿಗೆ ಬರ್ತೈತಿ. ನನ್ನ ದಿನಾ ಅದ್ಯಾಕ ಎಣಿಸ್ತೈತಿ?"

ಹೆರಿಗೆಯಾದ ಮೇಲೆ ಬಾಣಂತಿ-ಮಗುವನ್ನು ನೋಡಿಕೊಳ್ಳೋಕೆ ಮನೆಗೇ ನರ್ಸ್ ಕಳಿಸುವ ಕ್ರಾಮ್‌ಜೋರ್ಗ್‌ನವರು ಹೇಳಿದ್ದರಿಂದ ಮಂಚದ ನಾಲ್ಕೂ ಕಾಲಿಗೆ ಮರದ ತುಂಡು ಕೊಟ್ಟು ಸುಮಾರು 80 ಸೆಂಟಿಮೀಟರ್ ಎತ್ತರ ಮಾಡಿದೆವು. ಮನೆಗೆ ಬರುವ ನರ್ಸ್ ಬಗ್ಗಿ ಬಗ್ಗಿ ಬೆನ್ನು ಹಿಡಿಸಿಕೊಳ್ಳಬಾರದು ಅನ್ನೋದು ಇಲ್ಲಿನ ಕಾರಣ. ಅತ್ತೆಗೆ ಅದು ವಿಚಿತ್ರ ಅನಿಸಬಹುದು ಅಂದುಕೊಂಡಿದ್ದೆ. ಅವರು ಮಂಚ ನೋಡಿ ತಲೆಯಾಡಿಸಿದರು. "ಬಾಣಂತಿ ಮಂಚ ಎತ್ತರನ ಇರಬೇಕ್ರಿ. ಇಲ್ಲಾಂದ್ರ ಕೆಳಗ ಕೆಂಡದ ಶೇಗಡಿ ಎಲ್ಲಿ ಇಡೂದು?"

ಅವರಿಗೆ ಒಪ್ಪಿಗೆಯಾಗದೇ ಇದ್ದಿದ್ದು ಡಾಕ್ಟರ್ ಇಲ್ಲದ್ದು. ಒಂಬತ್ತು ತಿಂಗಳೂ ತಪಾಸಣೆ ಮಾಡಿದ್ದು ಸೂಲಗಿತ್ತಿಯರೇ. ಎಲ್ಲ ಸರಿಯಿದ್ದರೆ ಈ ದೇಶದಲ್ಲಿ ಅವರೇ ಎಲ್ಲ. ಅದಕ್ಕಾಗಿ ನಾಲ್ಕು ವರ್ಷ ಓದಿರುತ್ತಾರೆ. ನಾನು ಅತ್ತೆಗೆ ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರ ಮಾತು ಹೇಳಿದೆ. ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ತಾಯಿ, ಒಂದು ರೂಪಾಯಿ ತೆಗೆದುಕೊಳ್ಳದೆ. 2018ರಲ್ಲಿ ಪದ್ಮಶ್ರೀ ಬಂದಾಗ ತುಮಕೂರು ಕಡೆಯವರಾದ ನಮಗೆಲ್ಲ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು. ಅತ್ತೆ ಕೇಳಿಸಿಕೊಂಡರು. ಮಾರನೇ ವಾರ ಸೂಲಗಿತ್ತಿ ಬಳಿ ಹೋದಾಗ ಆಕೆಯ ಕೈಗೆ ಎರಡು ಅಂಟಿನುಂಡೆ ಕೊಟ್ಟರು.

20ರ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆರಿಗೆ. ಮಧ್ಯಾಹ್ನದ ಹೊತ್ತಿಗೆ ಮೂವರೂ ಮನೆಯಲ್ಲಿ. ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಪಕ್ಕದ ಮನೆಯ ಅಜ್ಜಿ ನಮ್ಮ ಕೈತೋಟದಲ್ಲಿ, ಮಗು ಬಂದಿದೆ ಅಂತ ಸಾರುವ ಮರದ ಕೊಕ್ಕರೆಯೊಂದನ್ನು ನೆಟ್ಟು ಹೋಗಿದ್ದರು. ಸಂಜೆ ನರ್ಸ್ ಮೌಶೆಸ್ ಅನ್ನೋ ಗುಲಾಬಿ-ಬಿಳಿ ಸಕ್ಕರೆ ಕಾಳು ಉದುರಿಸಿದ ರಸ್ಕ್ ಕೊಟ್ಟರು. ಅತ್ತೆ ಒಂದು ಕಾಳು ಬಾಯಿಗೆ ಹಾಕಿಕೊಂಡು, "ಇದು ಬಡೇಸೋಪ ಅಲ್ಲೇನ್ರಿ? ಬಾಣಂತಿಗೆ ಛಲೋ" ಅಂದರು. ಇಲ್ಲಿನವರೂ ಹಾಲು ಬರಲಿ ಅಂತಲೇ ಅದನ್ನು ಕೊಡೋದಂತೆ.

ಐದನೇ ದಿನದ ರಾತ್ರಿ ಮಾತ್ರ ನಾನು ಪೂರ್ತಿ ಬರೆಯಬೇಕು.

ಅತ್ತೆಯ ಕಡೆ ಆ ರಾತ್ರಿ ಸಟವಿ ಅನ್ನೋ ದೇವತೆ ಬಂದು ಮಗುವಿನ ಹಣೆಬರಹ ಬರೆದು ಹೋಗುತ್ತಾಳೆ ಅನ್ನುವ ನಂಬಿಕೆ. ತಟ್ಟೆಯಲ್ಲಿ ಅಕ್ಕಿ, ಅರಿಶಿನ, ಕುಂಕುಮ, ದೀಪ. ಪಕ್ಕದಲ್ಲಿ ಬರೆಯೋಕೆ ಹಾಳೆ, ಪೆನ್ನು. ನಾನು ಒಂದು ಹೊಸ ನೋಟ್‌ಬುಕ್‌ಗಾಗಿ ಮನೆಯೆಲ್ಲ ಹುಡುಕಿದೆ. ಇರಲಿಲ್ಲ. ಅಂಗಡಿ ಮುಚ್ಚಿದ್ದವು. ಮೇಜಿನ ಮೇಲೆ ನರ್ಸ್ ದಿನಾ ಬರೆಯುವ ಪುಸ್ತಕ ಇತ್ತು. ಬೆಳಿಗ್ಗೆ ಜ್ವರ ನೋಡಿದ್ದು 36.9, ತೂಕ 3,120 ಗ್ರಾಂ, ಎಷ್ಟು ಸಲ ಹಾಲು ಕುಡಿದಳು, ಎಷ್ಟು ಡೈಪರ್ ಒದ್ದೆಯಾಯಿತು, ಎಲ್ಲ ಅದರಲ್ಲಿ. ಅತ್ತೆ ಅದನ್ನು ತೆಗೆದು ನೋಡಿದರು. ಅವರಿಗೆ ಡಚ್ ಬರೋದಿಲ್ಲ, ಆದರೆ ಅಂಕಿ ಓದಬಹುದಲ್ವಾ. "ಇದರಾಗ ಕೂಸಿಂದು ಎಲ್ಲಾ ಬರದೈತಲ್ಲ. ಇದ ಇರಲಿ," ಅಂದರು. ಮುಂದಿನ ಖಾಲಿ ಪುಟ ತೆರೆದು, ಮೂಲೆಗೆ ಅರಿಶಿನ ಹಚ್ಚಿ, ಪೆನ್ನು ಇಟ್ಟು, ತೊಟ್ಟಿಲ ಪಕ್ಕ ಇಟ್ಟರು. ರಾತ್ರಿಯೆಲ್ಲ ದೀಪ ಆರದ ಹಾಗೆ ಅವರೇ ಎಚ್ಚರವಿದ್ದು ನೋಡಿಕೊಂಡರು.

ಬೆಳಿಗ್ಗೆ ನರ್ಸ್ ಬಂದು ಪುಸ್ತಕ ತೆಗೆದಾಗ ನಾಲ್ಕು ಅಕ್ಕಿಕಾಳು ಉದುರಿದವು. ಹೆಂಡತಿ ಹಾಸಿಗೆಯಲ್ಲೇ ಕೂತು ವಿಷಯ ಹೇಳಿದಳು. ನರ್ಸ್ ಅರಿಶಿನ ಹಚ್ಚಿದ ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. ಅದನ್ನು ಖಾಲಿಯಾಗಿಯೇ ಬಿಟ್ಟು, ಹಾಳೆ ತಿರುವಿ, ಮುಂದಿನ ಪುಟದಲ್ಲಿ ಅವತ್ತಿನ ಜ್ವರ, ತೂಕ ಬರೆದರು.

ಆ ಪುಸ್ತಕ ನಮ್ಮ ಹತ್ತಿರವೇ ಇದೆ.

ನರ್ಸ್ ಬಂದಿದ್ದು ಎಂಟು ದಿನ. ಆಮೇಲೆ ಸೆಪ್ಟೆಂಬರ್ 17ರವರೆಗೆ ಎಲ್ಲ ಅತ್ತೆಯದೇ. ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ಕಾಳುಮೆಣಸಿನ ಸಾರು. ಹೊಕ್ಕುಳು ಒಣಗಿದ ಮೇಲೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗು ಹಾಕಿಕೊಂಡು ಎಣ್ಣೆ-ನೀರು. ಸ್ನಾನ ಆದಮೇಲೆ ಮಗಳು ಮೂರು ಗಂಟೆ ಅಲ್ಲಾಡದೆ ಮಲಗುತ್ತಿದ್ದಳು. ಮಲಗಿದ ಮಗುವಿಗೆ ಕೌದಿ ಹೊದಿಸಬಾರದು ಅಂತ ನರ್ಸ್ ಹೇಳಿದ್ದರು. ಅತ್ತೆ ವಾದ ಮಾಡಲಿಲ್ಲ. ತಮ್ಮ ತಾಯಿಯ ಸೀರೆಯ ತುಂಡುಗಳಿರುವ ಆ ಕೌದಿಯನ್ನು ನೆಲಕ್ಕೆ ಹಾಸಿದರು. ಎಚ್ಚರ ಇರುವಾಗ ಮಗಳು ಅದರ ಮೇಲೆಯೇ ಕೈಕಾಲು ಆಡಿಸೋದು. ವಿಮಾನ ನಿಲ್ದಾಣದಲ್ಲಿ ಕೊನೆಗೆ ಹೇಳಿದ್ದೂ ಅಷ್ಟೇ: "ಎಣ್ಣಿ ಹಚ್ಚೂದು ಬಿಡಬ್ಯಾಡ್ರಿ."

ನಾನು ಹತ್ತು ವರ್ಷದವನಿದ್ದಾಗ ನಮ್ಮಕ್ಕ ಬಾಣಂತನಕ್ಕೆ ತವರಿಗೆ ಬಂದು ಐದು ತಿಂಗಳಿದ್ದಳು. ಬೆಳಿಗ್ಗೆ ಹಂಡೆಗೆ ಸೌದೆ ಹಾಕೋದು ನನ್ನ ಕೆಲಸ. ನೀರು ಹಾಕೋಕೆ ಹಿಂದಿನ ಬೀದಿಯ ಅಜ್ಜಿ, ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯೋಕೆ ಪಕ್ಕದ ಮನೆ ದೊಡ್ಡಮ್ಮ, ಮೆಂತ್ಯದ ಗಂಜಿ ಇನ್ನೊಬ್ಬರ ಮನೆಯಿಂದ. ಯಾರು ಯಾವತ್ತು ಬರಬೇಕು ಅಂತ ಯಾರೂ ಪಟ್ಟಿ ಮಾಡಿರಲಿಲ್ಲ. ಇಲ್ಲಿ ಪಟ್ಟಿ ಮಾಡಬೇಕು. ಮಾಡೋಣ.

ಈಗ ಸೂಚನೆಗಳು, ಜಾಗ ಕಮ್ಮಿ ಇದೆ. ಗೊಂಬೆ ಕೂರಿಸಿರುವವರು ಯಾವ ಸಂಜೆ ಬರಬಹುದು ಅಂತ ಗುಂಪಿನಲ್ಲಿ ತಿಳಿಸಿ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಸಂಜೆ ನಾಲ್ಕರಿಂದ. ಮಕ್ಕಳ ಹೆಸರು ಅಕ್ಟೋಬರ್ 15ರೊಳಗೆ ಕೊಡಿ. ಕನ್ನಡ ತರಗತಿಗೆ ಶರತ್ಕಾಲದ ರಜೆಯಲ್ಲಿ ಬಿಡುವು. ಪುಸ್ತಕ ತೆಗೆದುಕೊಂಡು ಹೋದವರು ದಯವಿಟ್ಟು ವಾಪಸ್ ತನ್ನಿ. ಹೆರಿಗೆಗೆ ಕಾಯುತ್ತಿರುವವರೇ, ಕ್ರಾಮ್‌ಜೋರ್ಗ್‌ಗೆ ಮೂರು ತಿಂಗಳು ತುಂಬುವಷ್ಟರಲ್ಲೇ ಹೆಸರು ಬರೆಸಿ. ಹುಟ್ಟಿದ ಮೂರು ದಿನದೊಳಗೆ ಪುರಸಭೆಗೆ ಮಗುವಿನ ಹೆಸರು ಕೊಡಬೇಕು, ಹೆಸರು ಮೊದಲೇ ಆರಿಸಿಟ್ಟುಕೊಳ್ಳಿ, ತೊಟ್ಟಿಲ ಶಾಸ್ತ್ರ ಆಮೇಲೆ ಮಾಡಿದರೂ ನಡೆಯುತ್ತೆ. ಅಪ್ಪಂದಿರಿಗೆ ಪೂರ್ತಿ ಸಂಬಳದ ಒಂದು ವಾರದ ಜೊತೆ, ಶೇಕಡಾ 70ರ ಲೆಕ್ಕದಲ್ಲಿ ಇನ್ನೂ ಐದು ವಾರ ರಜೆ ಇದೆ. ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ನಾನು ಅದನ್ನು ಅತ್ತೆ ಹೊರಟ ಮೇಲಕ್ಕೆ ಅಂತ ಉಳಿಸಿಕೊಂಡಿದ್ದೆ. ನೀವೂ ಹಾಗೇ ಮಾಡಿ ಅನ್ನುತ್ತೇನೆ.

ಇನ್ನೊಂದು. ಈ ಚಳಿಗಾಲದಲ್ಲಿ ನಮ್ಮ ಸಂಘದ ಮೂರು ಮನೆಗಳಲ್ಲಿ ಮಗು ಬರಲಿದೆ. ಅದರಲ್ಲಿ ಒಂದು ಮನೆಗೆ ಊರಿಂದ ಯಾರೂ ಬರುವ ಹಾಗಿಲ್ಲ. ಹೆರಿಗೆಯಾದ ಮೊದಲ ಹದಿನೈದು ದಿನ ಆ ಮನೆಗೆ ದಿನಕ್ಕೊಂದು ಡಬ್ಬಿ ಬೇಕು. ಅನ್ನ, ಸಾರು, ಒಂದು ಪಲ್ಯ, ಅಷ್ಟೇ. ಹದಿನೈದು ಮನೆ ಸಿಕ್ಕರೆ ಒಬ್ಬೊಬ್ಬರಿಗೆ ಒಂದೇ ದಿನ ಬೀಳುತ್ತೆ. ಇವತ್ತಿಗೆ ಆರು ಮನೆಯಾಗಿದೆ. ನಿಮ್ಮ ಮನೆಗೆ ಅಮ್ಮ, ಅತ್ತೆ, ಅಪ್ಪ, ಮಾವ ಯಾರಾದರೂ ಬಂದಿದ್ದರೆ, ಅವರಿಗೆ ಮನಸ್ಸಿದ್ದರೆ, ದಯವಿಟ್ಟು ತಿಳಿಸಿ. ಪಕ್ಕದಲ್ಲಿ ಕೂತು ಮಾತಾಡಿದರೂ ಸಾಕು. ಹಾಗೇ, ಮುಂದಿನ ಸಂಚಿಕೆಯನ್ನು ಯಾರಾದರೂ ವಹಿಸಿಕೊಂಡರೆ ನನಗೆ ತುಂಬಾ ಉಪಕಾರವಾಗುತ್ತೆ. ಪ್ರೂಫ್ ನಾನು ನೋಡಿಕೊಡುತ್ತೇನೆ.

ಆ ಹುಡುಗಿಯ ಅಜ್ಜಿ ಈಗ ಇಲ್ಲೇ ಇದ್ದಾರೆ. ಮಂಡ್ಯದವರು. ನಿನ್ನೆ ಮಧ್ಯಾಹ್ನ ಮೊಮ್ಮಗಳ ಕೈ ಹಿಡಿದುಕೊಂಡು, ಕಂಕುಳಲ್ಲಿ ಒಂದು ಮಣೆ ಇಟ್ಟುಕೊಂಡು ನಮ್ಮನೆಗೆ ಬಂದರು. ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಮಣೆ ಹಾಕಿ ಕೂತು, ನೀರಿಗೆ ಮೊಣಕೈ ಅದ್ದಿ ನೋಡಿ, ಮಗಳನ್ನು ಕಾಲ ಮೇಲೆ ಹಾಕಿಕೊಂಡರು. ಹುಡುಗಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೋಗುವಾಗ ಅಜ್ಜಿ ಮಣೆ ಎತ್ತಿಕೊಳ್ಳಲಿಲ್ಲ. "ಇಲ್ಲೇ ಇರ್ಲಿ ಬುಡಿ, ಶನಿವಾರ ಬತ್ತೀನಲ್ಲ," ಅಂದರು. ಅವರದು ಇನ್ನೂ 41 ದಿನ ಇದೆ.

— ಸಂಪಾದಕ